ಕೈಯಲ್ಲಿ ಹಿಡಿದ ಉಸಿರು: ಕೋಪನ್‌ಹೇಗನ್, 1952

ಉಸಿರಾಟ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಗಾಳಿಯನ್ನು ಒಳಗೆಳೆದುಕೊಳ್ಳುವ ಕ್ರಿಯೆ. ಹೊರಬಿಡುವ ಉಸಿರಿಗೆ ನಾವು ಅಷ್ಟಾಗಿ ಬೆಲೆ ಕೊಡುವುದಿಲ್ಲ. ಪ್ರಾಣಾಯಾಮವನ್ನು ಬಲ್ಲವರು ಹಾಗಲ್ಲ. ಅವರು ಪೂರಕಕ್ಕೆ ಕೊಟ್ಟಷ್ಟೇ ಗಮನವನ್ನು ರೇಚಕಕ್ಕೂ ಕೊಡುತ್ತಾರೆ. ಶರೀರಶಾಸ್ತ್ರವೂ ಇದನ್ನೇ ಹೇಳುತ್ತದೆ. ಉಸಿರಾಟಕ್ಕೆ ಎರಡು ಕೆಲಸಗಳಿವೆ: ಆಮ್ಲಜನಕವನ್ನು ರಕ್ತಕ್ಕೆ ಸೇರಿಸುವುದು ಒಂದು, ದೇಹದಲ್ಲಿ ಕ್ಷಣಕ್ಷಣಕ್ಕೂ ಹುಟ್ಟುವ ಇಂಗಾಲದ ಡೈಆಕ್ಸೈಡನ್ನು ಹೊರಗೆ ಕಳುಹಿಸುವುದು ಇನ್ನೊಂದು. ಈ ಎರಡನೆಯ ಕೆಲಸ ನಿಂತಾಗ ಏನಾಗುತ್ತದೆ ಎಂಬುದನ್ನು ಸರಿಯಾಗಿ ಓದಿಕೊಳ್ಳದೆ ಹೋದದ್ದರಿಂದ ಒಂದು ದೊಡ್ಡ ನಗರದ ಆಸ್ಪತ್ರೆಯಲ್ಲಿ ಸಾಲುಸಾಲಾಗಿ ಜನ ಸತ್ತರು. ಸರಿಯಾಗಿ ಓದಿದ ಮೇಲೆ ನೂರಾರು ಜನ ಬದುಕಿದರು. ಆ ಕಥೆಯನ್ನು ಇಂದು ಬರೆಯಬೇಕೆನಿಸಿದೆ.

ಇದಕ್ಕೊಂದು ಕಾರಣವೂ ಇದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಶುಶ್ರೂಷಾ ವೃತ್ತಿಯಲ್ಲಿದ್ದಾರೆ. ಕೆಲವರ ಮಕ್ಕಳು ಈಗ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾರೆ. ಅವರಲ್ಲೊಬ್ಬಳು ಈಚೆಗೆ, "ಉಸಿರಾಟ ಕುಂದಿದ ರೋಗಿಗೆ ರಕ್ತದೊತ್ತಡ ಇಳಿಯಬೇಕಲ್ಲವೇ ಸರ್, ಪುಸ್ತಕದಲ್ಲಿ ಏರುತ್ತದೆ ಎಂದಿದೆಯಲ್ಲ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಇದೇ ಪ್ರಶ್ನೆ 1952ರ ಆಗಸ್ಟ್ ತಿಂಗಳಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಹಿರಿಯ ವೈದ್ಯರನ್ನೂ ದಾರಿ ತಪ್ಪಿಸಿತ್ತು.

ಆ ವರ್ಷದ ಬೇಸಿಗೆಯಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಪೋಲಿಯೊ ಎರಗಿತು. ಪೋಲಿಯೊ ಎಂದರೆ ಕಾಲು ಸೊರಗಿಸುವ ಕಾಯಿಲೆ ಎಂದಷ್ಟೇ ನಾವು ತಿಳಿದಿರುತ್ತೇವೆ. ನಮ್ಮ ತಲೆಮಾರಿನವರ ಸಹಪಾಠಿಗಳಲ್ಲಿ ಊರುಗೋಲು ಹಿಡಿದೋ ಮೊಣಕಾಲಿನ ಮೇಲೆ ಕೈಯೂರಿಯೋ ನಡೆಯುತ್ತಿದ್ದವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಿದ್ದರು. ಆದರೆ ಈ ವೈರಾಣು ಮೆದುಳುಬಳ್ಳಿಯಲ್ಲಿ ಮೇಲಕ್ಕೆ ಏರಿದರೆ ಕೈಕಾಲುಗಳೊಡನೆ ವಪೆಯ ಮತ್ತು ಪಕ್ಕೆಲುಬುಗಳ ನಡುವಣ ಸ್ನಾಯುಗಳೂ ನಿಷ್ಕ್ರಿಯವಾಗುತ್ತವೆ. ಮೆದುಳಿನ ಬುಡಕ್ಕೇ ತಗುಲಿದರೆ ನುಂಗುವ, ಕೆಮ್ಮುವ ಶಕ್ತಿ ಹೋಗುತ್ತದೆ. ಬಾಯಲ್ಲಿ ಊರುವ ಜೊಲ್ಲು, ಎದೆಯಲ್ಲಿ ಕಟ್ಟುವ ಕಫ ಎಲ್ಲವೂ ಶ್ವಾಸನಾಳಕ್ಕೆ ಇಳಿಯುತ್ತದೆ. ಮನುಷ್ಯ ದಡದ ಮೇಲೆ ಮಲಗಿಯೇ ಮುಳುಗುತ್ತಾನೆ. ಕೋಪನ್‌ಹೇಗನ್ನಿನಲ್ಲಿ ಆ ವರ್ಷ ಈ ಬಗೆಯ ರೋಗಿಗಳ ಪ್ರಮಾಣ ವಿಪರೀತವಾಗಿತ್ತು.

ಇಂಥವರಿಗೆ ಅಂದು ಇದ್ದ ಆಸರೆ 'ಕಬ್ಬಿಣದ ಶ್ವಾಸಕೋಶ'. ಅಮೆರಿಕದ ಬೋಸ್ಟನ್ನಿನಲ್ಲಿ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಶಾ ರೂಪಿಸಿದ ಈ ಯಂತ್ರವನ್ನು 1928ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬಳಿಗೆ ಬಳಸಲಾಯಿತು. ಕಮ್ಮಾರನ ತಿದಿಯನ್ನು ನೋಡಿದವರಿಗೆ ಇದರ ತತ್ತ್ವ ಸುಲಭವಾಗಿ ಅರ್ಥವಾಗುತ್ತದೆ. ತಿದಿ ಹಿಗ್ಗಿದಾಗ ಗಾಳಿ ತಾನಾಗಿ ಒಳನುಗ್ಗುವಂತೆ, ನಮ್ಮ ಎದೆಗೂಡು ಹಿಗ್ಗಿದಾಗ ಒಳಗಿನ ಒತ್ತಡ ಇಳಿದು ಹೊರಗಿನ ಗಾಳಿ ಶ್ವಾಸಕೋಶಕ್ಕೆ ಬರುತ್ತದೆ. ರೋಗಿಯ ತಲೆಯೊಂದನ್ನು ಬಿಟ್ಟು ಇಡೀ ದೇಹವನ್ನು ಲೋಹದ ಪೀಪಾಯಿಯಲ್ಲಿ ಮುಚ್ಚಿ, ಅದರೊಳಗಿನ ಒತ್ತಡವನ್ನು ಲಯಬದ್ಧವಾಗಿ ಇಳಿಸಿ ಏರಿಸುತ್ತ, ಸತ್ತ ಸ್ನಾಯುಗಳ ಕೆಲಸವನ್ನು ಯಂತ್ರ ಮಾಡುತ್ತಿತ್ತು. ಎದೆಗೆ ಮಾತ್ರ ಕವಚದಂತೆ ತೊಡಿಸುವ ಚಿಕ್ಕ ಯಂತ್ರಗಳೂ ಇದ್ದವು. ಅವುಗಳ ಶಕ್ತಿ ಕಡಿಮೆ. ಗಂಟಲು ಸರಿಯಿದ್ದವರಿಗೆ ಇವು ನೆರವಾಗುತ್ತಿದ್ದವು. ಗಂಟಲು ಸೋತವರಲ್ಲಿ ಯಂತ್ರ ಎಳೆದ ಗಾಳಿಯೊಡನೆ ಜೊಲ್ಲೂ ಒಳಗೆ ಹೋಗುತ್ತಿತ್ತು.

ನಗರದ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಹೆಸರು ಬ್ಲೆಗ್ಡಾಮ್. ಮುಖ್ಯ ವೈದ್ಯರು ಎಚ್. ಸಿ. ಎ. ಲಾಸೆನ್. ಜುಲೈ ಕೊನೆಯಿಂದ ಡಿಸೆಂಬರ್ ಆರಂಭದವರೆಗೆ ಅಲ್ಲಿ ದಾಖಲಾದ ಪೋಲಿಯೊ ರೋಗಿಗಳು 2,722 ಮಂದಿ. ಅವರಲ್ಲಿ ಪಾರ್ಶ್ವವಾಯುವಿನಂತೆ ಅಂಗಗಳು ಸೋತವರು 866 ಮಂದಿ. ದಿನವೊಂದಕ್ಕೆ ಐವತ್ತರವರೆಗೂ ಹೊಸ ರೋಗಿಗಳು ಬರುತ್ತಿದ್ದ ಕಾಲವದು. ಆಸ್ಪತ್ರೆಯಲ್ಲಿದ್ದುದು ಒಂದು ಕಬ್ಬಿಣದ ಶ್ವಾಸಕೋಶ, ಆರು ಎದೆಕವಚದ ಯಂತ್ರಗಳು. ಮೊದಲ ಮೂರು ವಾರಗಳಲ್ಲಿ ಉಸಿರಾಟ ಸೋತು ಯಂತ್ರಗಳಿಗೆ ಒಳಗಾದ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ನೂರಕ್ಕೆ ಎಂಬತ್ತೇಳು! ಹೆಚ್ಚಿನವರು ಮಕ್ಕಳು, ಹದಿಹರೆಯದವರು.

ಈ ರೋಗಿಗಳು ಸಾಯುವ ಮುನ್ನ ಕಾಣಿಸುತ್ತಿದ್ದ ಚಿಹ್ನೆಗಳು ವೈದ್ಯರನ್ನು ಗೊಂದಲಕ್ಕೆ ಕೆಡವಿದವು. ಮೈ ಬೆವರುತ್ತಿತ್ತು, ಜ್ವರವಿತ್ತು, ರಕ್ತದೊತ್ತಡ ಏರುತ್ತಿತ್ತು, ಕ್ರಮೇಣ ಮಂಪರು ಕವಿದು ಪ್ರಜ್ಞೆ ತಪ್ಪುತ್ತಿತ್ತು. ಆಮ್ಲಜನಕ ಕೊಡುತ್ತಿದ್ದುದರಿಂದ ಕೆಲವರ ಮೈಬಣ್ಣ ನೀಲಿಗಟ್ಟದೆ ಗುಲಾಬಿಯಾಗಿಯೇ ಇರುತ್ತಿತ್ತು. ಮೈಬಣ್ಣ ಚೆನ್ನಾಗಿದ್ದರೆ ಉಸಿರಾಟ ಸಾಕಷ್ಟಿದೆ ಎಂದೇ ಯಾರಾದರೂ ತಿಳಿಯುತ್ತಾರೆ. ಹಾಗಿದ್ದೂ ಸಾಯುತ್ತಿದ್ದಾರೆಂದರೆ ವೈರಾಣು ಮೆದುಳಿನ ಜೀವಕೇಂದ್ರಗಳನ್ನೇ ನಾಶಮಾಡಿರಬೇಕು, ಅದಕ್ಕೆ ಮದ್ದಿಲ್ಲ ಎಂಬುದು ಅಂದಿನ ತೀರ್ಮಾನ. ಅದು ಮೂರ್ಖರ ತೀರ್ಮಾನವಲ್ಲ. ಕಣ್ಣಿಗೆ ಕಂಡದ್ದಕ್ಕೆ ಹೊಂದುವ ತೀರ್ಮಾನ.

ಇನ್ನೊಂದು ಸಾಕ್ಷ್ಯವೂ ಅವರ ಮುಂದಿತ್ತು. ರೋಗಿಗಳ ರಕ್ತವನ್ನು ಪರೀಕ್ಷಿಸಿದಾಗ ಅದರಲ್ಲಿ ಅಡಗಿದ್ದ ಇಂಗಾಲದ ಡೈಆಕ್ಸೈಡಿನ ಒಟ್ಟು ಮೊತ್ತ ಬಹಳ ಹೆಚ್ಚಿತ್ತು. ಈ ಮೊತ್ತದ ಬಹುಭಾಗ ಬೈಕಾರ್ಬೊನೇಟ್ ರೂಪದಲ್ಲಿರುತ್ತದೆ. ಬೈಕಾರ್ಬೊನೇಟ್ ಪ್ರತ್ಯಾಮ್ಲ, ಅದು ಹೆಚ್ಚಿದೆಯೆಂದರೆ ರಕ್ತ ಕ್ಷಾರೀಯವಾಗಿದೆ ಎಂದರ್ಥ. ಆದ್ದರಿಂದ ಇದು ಕಾರಣ ತಿಳಿಯದ ಯಾವುದೋ ಕ್ಷಾರಾಧಿಕ್ಯ ಎಂದು ವೈದ್ಯರು ಬರೆದುಕೊಂಡರು. ಸಂಖ್ಯೆ ಸರಿಯಾಗಿಯೇ ಇತ್ತು. ಅದರ ಅರ್ಥ ತಲೆಕೆಳಗಾಗಿತ್ತು.

ಇಲ್ಲಿ ಸ್ವಲ್ಪ ನಿಂತು ರಸಾಯನಶಾಸ್ತ್ರವನ್ನು ನೋಡೋಣ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದಾಗ ಅದು ಹಾಲಿನಂತೆ ಬೆಳ್ಳಗಾದದ್ದು ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ನೆನಪಿರಬೇಕು. ಅದೇ ಅನಿಲ ನೀರಿನಲ್ಲಿ ಕರಗಿದಾಗ ಕಾರ್ಬಾನಿಕ್ ಆಮ್ಲವಾಗುತ್ತದೆ. ಆ ಆಮ್ಲ ಒಡೆದು ಹೈಡ್ರೋಜನ್ ಅಯಾನು ಮತ್ತು ಬೈಕಾರ್ಬೊನೇಟ್ ಉಂಟಾಗುತ್ತವೆ. ಹಾಗಾದರೆ ರಕ್ತದಲ್ಲಿ ಬೈಕಾರ್ಬೊನೇಟ್ ಹೆಚ್ಚಲು ಎರಡು ದಾರಿಗಳಿವೆ. ದೇಹದಲ್ಲಿ ನಿಜವಾಗಿಯೂ ಕ್ಷಾರ ಹೆಚ್ಚಿರಬಹುದು. ಇಲ್ಲವೇ ಹೊರಹೋಗಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೇ ನಿಂತು, ಆಮ್ಲ ಹೆಚ್ಚಿ, ಅದನ್ನು ಸರಿದೂಗಿಸಲು ಮೂತ್ರಪಿಂಡಗಳೂ ಬೈಕಾರ್ಬೊನೇಟನ್ನು ಹಿಡಿದಿಟ್ಟುಕೊಂಡಿರಬಹುದು. ತಕ್ಕಡಿಯ ಒಂದು ತಟ್ಟೆಯನ್ನಷ್ಟೇ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ. ಮುಳ್ಳು ಯಾವ ಕಡೆಗೆ ವಾಲಿದೆ ಎಂಬುದನ್ನು ನೋಡಬೇಕು. ಆ ಮುಳ್ಳೇ ಪಿಎಚ್. ಆರೋಗ್ಯವಂತರ ರಕ್ತದಲ್ಲಿ ಅದು 7.35ರಿಂದ 7.45ರ ನಡುವೆ ಇರುತ್ತದೆ. ಮೊದಲ ಪ್ರಸಂಗದಲ್ಲಿ ಅದು ಏರಿರುತ್ತದೆ, ಎರಡನೆಯದರಲ್ಲಿ ಇಳಿದಿರುತ್ತದೆ. ಆ ಮೊದಲ ವಾರಗಳಲ್ಲಿ ಬ್ಲೆಗ್ಡಾಮಿನ ರೋಗಿಗಳ ಚಿಕಿತ್ಸೆಯನ್ನು ನಿರ್ಧರಿಸುತ್ತಿದ್ದುದು ಒಟ್ಟು ಮೊತ್ತವೊಂದೇ. ಮುಳ್ಳನ್ನು ಯಾರೂ ನೋಡಿರಲಿಲ್ಲ.

ಲಾಸೆನ್ನರ ಸಹವೈದ್ಯರಲ್ಲಿ ಮೊಗೆನ್ಸ್ ಬ್ಯೋರ್ನೆಬೋ ಎಂಬವರಿದ್ದರು. ಧನುರ್ವಾಯು ತಗುಲಿದ್ದ ಹಸುಗೂಸೊಂದರ ಚಿಕಿತ್ಸೆಯ ಸಂದರ್ಭದಲ್ಲಿ ಅವರಿಗೆ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರ ಪರಿಚಯವಾಗಿತ್ತು. ಇಬ್ಸೆನ್ನರಿಗೆ ಆಗ ಮೂವತ್ತಾರು ವರ್ಷ. ಬೋಸ್ಟನ್ನಿನಲ್ಲಿ ತರಬೇತಿ ಪಡೆದು ಬಂದಿದ್ದರು. ಆ ದಿನಗಳಲ್ಲಿ ಅರಿವಳಿಕೆ ತಜ್ಞರ ಲೋಕ ಶಸ್ತ್ರಚಿಕಿತ್ಸೆಯ ಕೊಠಡಿಯ ನಾಲ್ಕು ಗೋಡೆಗಳೊಳಗೆ ಮುಗಿಯುತ್ತಿತ್ತು. ಸಾಂಕ್ರಾಮಿಕ ರೋಗದ ವಾರ್ಡಿನಲ್ಲಿ ಅವರಿಗೇನು ಕೆಲಸ ಎಂದು ಕೇಳುವ ಕಾಲ. ಬ್ಯೋರ್ನೆಬೋ ಅವರ ಒತ್ತಾಯಕ್ಕೆ ಲಾಸೆನ್ ಒಪ್ಪಿದರು. 1952ರ ಆಗಸ್ಟ್ 25ರಂದು ಇಬ್ಸೆನ್ ಬ್ಲೆಗ್ಡಾಮ್ ಆಸ್ಪತ್ರೆಗೆ ಬಂದರು.

ಅವರು ತೀರಿಕೊಂಡವರ ದಾಖಲೆಗಳನ್ನು ನೋಡಿದರು, ಮರಣೋತ್ತರ ಪರೀಕ್ಷೆಯಲ್ಲಿ ತೆಗೆದ ಶ್ವಾಸಕೋಶಗಳನ್ನೂ ನೋಡಿದರು. ಗಾಳಿ ತುಂಬಲಾಗದಷ್ಟು ಅವು ಕೆಟ್ಟಿರಲಿಲ್ಲ. ಬೆವರು, ಏರಿದ ರಕ್ತದೊತ್ತಡ, ಮಂಪರು ಇವೆಲ್ಲ ಅವರಿಗೆ ಚಿರಪರಿಚಿತ ಚಿಹ್ನೆಗಳು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ರೋಗಿಯ ಉಸಿರಾಟ ಕ್ಷೀಣಿಸಿ ಇಂಗಾಲದ ಡೈಆಕ್ಸೈಡ್ ಸಂಗ್ರಹವಾದಾಗ ಕಾಣಿಸುವ ಚಿಹ್ನೆಗಳೇ ಇವು. ರೋಗಿಗಳು ಮೆದುಳು ನಾಶವಾಗಿ ಸಾಯುತ್ತಿಲ್ಲ, ಉಸಿರು ಸಾಲದೆ ಸಾಯುತ್ತಿದ್ದಾರೆ ಎಂದು ಅವರು ಹೇಳಿದರು. ಆಮ್ಲಜನಕ ಕೊಟ್ಟು ಮೈಬಣ್ಣವನ್ನು ಕಾಪಾಡಿದರೆ ಸಾಲದು. ಬಚ್ಚಲ ಮೋರಿ ಕಟ್ಟಿಕೊಂಡ ಮನೆಯಲ್ಲಿ ನಲ್ಲಿಯನ್ನು ಜೋರಾಗಿ ತಿರುಗಿಸಿದರೆ ಆಗುವ ಪ್ರಯೋಜನವೆಷ್ಟೋ ಇದರ ಪ್ರಯೋಜನವೂ ಅಷ್ಟೇ.

ಇದು ಬರಿಯ ಮಾತು. ಎರಡು ದಿನಗಳ ಅನಂತರ, ಆಗಸ್ಟ್ 27ರಂದು, ಅವರು ಇದನ್ನು ತೋರಿಸಬೇಕಾಯಿತು. ಹನ್ನೆರಡು ವರ್ಷದ ಬಾಲಕಿಯೊಬ್ಬಳನ್ನು ಅವರಿಗೆ ಒಪ್ಪಿಸಲಾಯಿತು. ನಾಲ್ಕೂ ಕೈಕಾಲು ಸೋತಿದ್ದವು. ಜ್ವರ 40 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಮೈ ನೀಲಿಗಟ್ಟಿ, ತನ್ನದೇ ಕಫದಲ್ಲಿ ಮುಳುಗುತ್ತಿದ್ದಳು. ಕುತ್ತಿಗೆಯಲ್ಲಿ ರಂಧ್ರ ಮಾಡಿ, ಗಾಳಿ ತುಂಬಿ ಉಬ್ಬಿಸಬಹುದಾದ ಪಟ್ಟಿಯುಳ್ಳ ರಬ್ಬರ್ ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸಿದರು. ಆ ಪಟ್ಟಿ ಉಬ್ಬಿದರೆ ಬಾಯಿಯ ಜೊಲ್ಲು ಕೆಳಗಿಳಿಯಲಾರದು. ಆದರೆ ಶ್ವಾಸನಾಳಗಳು ಸೆಡೆತುಕೊಂಡಿದ್ದವು. ಬಾಲಕಿ ಉಸಿರಿಗಾಗಿ ಹೆಣಗುತ್ತಿದ್ದಳು. ಚೀಲವನ್ನು ಎಷ್ಟು ಒತ್ತಿದರೂ ಗಾಳಿ ಒಳಗೆ ಹೋಗಲೊಲ್ಲದು. ನೋಡುತ್ತಿದ್ದವರು ಆಸೆ ಬಿಟ್ಟರು. ಆಗ ಇಬ್ಸೆನ್ ಅವಳಿಗೆ ಪೆಂಟೊಥಾಲ್ ಎಂಬ ಅರಿವಳಿಕೆ ಮದ್ದನ್ನು ಕೊಟ್ಟರು. ಅವಳ ಹೆಣಗಾಟ ನಿಂತಿತು. ಸ್ವಂತ ಉಸಿರೂ ನಿಂತಿತು. ಈಗ ಚೀಲ ಒತ್ತಿದಾಗ ಎದೆ ಏರಿತು, ಬಿಟ್ಟಾಗ ಇಳಿಯಿತು. ಕಫವನ್ನು ಹೀರಿ ತೆಗೆದರು. ಸ್ವಲ್ಪ ಹೊತ್ತಿನಲ್ಲಿ ಮೈಬಣ್ಣ ತಿರುಗಿತು, ಬೆವರು ಆರಿತು, ಚರ್ಮ ಬೆಚ್ಚಗಾಯಿತು, ಏರಿದ್ದ ರಕ್ತದೊತ್ತಡ ಇಳಿಯಿತು. ಎದೆಕವಚದ ಯಂತ್ರಕ್ಕೆ ಬದಲಿಸಿ ನೋಡಿದಾಗ ಇಂಗಾಲದ ಡೈಆಕ್ಸೈಡ್ ಮತ್ತೆ ಏರಿತು, ಹಳೆಯ ಚಿಹ್ನೆಗಳು ಮರಳಿದವು. ಪುನಃ ಚೀಲ, ಪುನಃ ಸುಧಾರಣೆ. ಇದಕ್ಕಿಂತ ಸ್ಪಷ್ಟವಾದ ಪ್ರಯೋಗವನ್ನು ಯಾವ ಶಾಲೆಯ ಪ್ರಯೋಗಶಾಲೆಯಲ್ಲೂ ಮಾಡಲಾಗದು. ಆ ಬಾಲಕಿ ಮುಂದೆ ಹಲವು ವರ್ಷ ಬದುಕಿದಳು.

ಈಗ ನಮ್ಮ ನರ್ಸಿಂಗ್ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಮೆದುಳು ಅದನ್ನು ಅಪಾಯದ ಕರೆಗಂಟೆಯೆಂದೇ ಗ್ರಹಿಸುತ್ತದೆ. ಭಯಗೊಂಡಾಗ ಎಚ್ಚರಗೊಳ್ಳುವ ಅನುವೇದಕ ನರಮಂಡಲ ಚುರುಕಾಗುತ್ತದೆ, ಅಡ್ರಿನಲಿನ್ ಸುರಿಯುತ್ತದೆ. ಹೃದಯ ರಭಸದಿಂದ ಬಡಿಯುತ್ತದೆ, ರಕ್ತದೊತ್ತಡ ಏರುತ್ತದೆ, ಬೆವರು ಒಸರುತ್ತದೆ. ಇದು ಬಲದ ಲಕ್ಷಣವಲ್ಲ, ದೇಹದ ಕೂಗು. ಜೊತೆಜೊತೆಗೇ ಆಮ್ಲವು ಹೃದಯದ ಸ್ನಾಯುವಿನ ಸಂಕೋಚನ ಶಕ್ತಿಯನ್ನು ಒಳಗೊಳಗೇ ಕುಗ್ಗಿಸುತ್ತಿರುತ್ತದೆ. ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡು ಬಲ ಹೃತ್ಕುಕ್ಷಿಯ ಹೊರೆ ಹೆಚ್ಚುತ್ತದೆ. ಮೆದುಳಿನ ರಕ್ತನಾಳಗಳು ಹಿಗ್ಗಿ ತಲೆನೋವು, ಮಂಪರು ಬರುತ್ತದೆ. ಕೊನೆಗೆ ಕೂಗುವ ಶಕ್ತಿಯೂ ಉಡುಗಿ ಒತ್ತಡ ದಿಢೀರನೆ ಕುಸಿಯುತ್ತದೆ. ಆದ್ದರಿಂದ ಏರಿದ ಒತ್ತಡವನ್ನು ಕಂಡು ಸಮಾಧಾನಪಡುವಂತಿಲ್ಲ.

ಒತ್ತಿ ಉಸಿರು ಕೊಡುವುದರಲ್ಲೂ ಹೃದಯವನ್ನು ಮರೆಯುವಂತಿಲ್ಲ. ನಾವು ಸಹಜವಾಗಿ ಉಸಿರೆಳೆದಾಗ ಎದೆಯೊಳಗಿನ ಒತ್ತಡ ಇಳಿದು, ಗಾಳಿಯಂತೆಯೇ ಅಭಿಧಮನಿಗಳ ರಕ್ತವೂ ಹೃದಯದ ಕಡೆಗೆ ಸೆಳೆಯಲ್ಪಡುತ್ತದೆ. ಚೀಲದಿಂದ ಗಾಳಿ ಒತ್ತಿದಾಗ ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತ ಆ ಕ್ಷಣ ತಡೆಯುತ್ತದೆ. ಒತ್ತಿದವನು ಕೈ ಸಡಿಲಿಸಿ, ಉಸಿರು ಪೂರ್ತಿ ಹೊರಬರುವಷ್ಟು ಕಾಲ ಕೊಟ್ಟರೆ ಮಾತ್ರ ಹೃದಯ ತುಂಬಿಕೊಳ್ಳುತ್ತದೆ. ಇಲ್ಲಿಯೂ ರೇಚಕದ್ದೇ ಮಹತ್ವ.

ಶ್ವಾಸನಾಳಕ್ಕೆ ಗಾಳಿ ಊದಿ ಪ್ರಾಣ ಉಳಿಸಬಹುದೆಂಬುದು 1952ರಲ್ಲಿ ಹೊಸದಾಗಿ ಹೊಳೆದ ವಿಚಾರವಲ್ಲ. 1543ರಲ್ಲಿಯೇ ವೆಸೇಲಿಯಸ್ ತನ್ನ ಶರೀರರಚನೆಯ ಮಹಾಗ್ರಂಥದಲ್ಲಿ, ಪ್ರಾಣಿಯ ಶ್ವಾಸನಾಳಕ್ಕೆ ಜೊಂಡಿನ ನಳಿಗೆ ಇಟ್ಟು ಊದಿದರೆ ಶ್ವಾಸಕೋಶ ಉಬ್ಬಿ, ಕುಂದಿದ ಹೃದಯ ಚೇತರಿಸಿಕೊಳ್ಳುವುದನ್ನು ವರ್ಣಿಸಿದ್ದ. ಶಸ್ತ್ರಚಿಕಿತ್ಸೆಯ ಕೊಠಡಿಗಳಲ್ಲಿ ರಬ್ಬರ್ ಚೀಲ ನಿತ್ಯದ ವಸ್ತುವಾಗಿತ್ತು. ತಿಳಿವಳಿಕೆ ಪಕ್ಕದ ಕೊಠಡಿಯಲ್ಲೇ ಇತ್ತು, ಬಾಗಿಲು ತೆರೆಯಬೇಕಿತ್ತು. ತೆರೆದ ಕೀರ್ತಿ ಇಬ್ಸೆನ್ನರಿಗೆ ಎಷ್ಟೋ ಅಷ್ಟೇ ಬ್ಯೋರ್ನೆಬೋ ಅವರಿಗೂ, ಕಣ್ಣಾರೆ ಕಂಡೊಡನೆ ತಮ್ಮ ಹಳೆಯ ಪದ್ಧತಿಯನ್ನು ಬದಿಗಿಟ್ಟ ಲಾಸೆನ್ನರಿಗೂ ಸಲ್ಲಬೇಕು.

ಆದರೆ ಚೀಲವನ್ನು ಒತ್ತುವವರು ಯಾರು? ಒಂದೊಂದು ರೋಗಿಗೂ ಹಗಲಿರುಳು, ದಿನಗಟ್ಟಲೆ, ವಾರಗಟ್ಟಲೆ ಯಾರಾದರೂ ಕುಳಿತು ಒತ್ತುತ್ತಲೇ ಇರಬೇಕು. ಆಸ್ಪತ್ರೆಯು ವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆಯಿತು; ಅವರು ಸಾಲದಾದಾಗ ದಂತವೈದ್ಯಕೀಯ ವಿದ್ಯಾರ್ಥಿಗಳೂ ಬಂದರು. ಪಾಳಿಯ ಮೇಲೆ, ಆರರಿಂದ ಎಂಟು ಗಂಟೆ, ಹಾಸಿಗೆಯ ತಲೆಯ ಬಳಿ ಕುಳಿತು ಅವರು ರಬ್ಬರ್ ಚೀಲವನ್ನು ಒತ್ತಿದರು. ಅತಿ ಕಠಿಣ ದಿನಗಳಲ್ಲಿ ಏಕಕಾಲಕ್ಕೆ ಎಪ್ಪತ್ತು ರೋಗಿಗಳು ಹೀಗೆ ಪರರ ಕೈಯಿಂದ ಉಸಿರಾಡುತ್ತಿದ್ದರು. ಒಟ್ಟು ಸುಮಾರು 1500 ವಿದ್ಯಾರ್ಥಿಗಳು, ಸುಮಾರು 1,65,000 ಗಂಟೆಗಳು. ಮೇಷ್ಟರ ಅಭ್ಯಾಸ, ಲೆಕ್ಕ ಮಾಡದೆ ಬಿಡಲಾರೆ: ಒಬ್ಬನೇ ಮನುಷ್ಯ ನಿದ್ರೆಯಿಲ್ಲದೆ ಮಾಡಿದ್ದರೆ ಇದಕ್ಕೆ ಹದಿನೆಂಟು ವರ್ಷಕ್ಕೂ ಹೆಚ್ಚು ಬೇಕಾಗುತ್ತಿತ್ತು. ನಿಮಿಷಕ್ಕೆ ಇಪ್ಪತ್ತು ಬಾರಿ ಎಂದು ಹಿಡಿದರೆ ಆರು ಗಂಟೆಯ ಒಂದು ಪಾಳಿಗೆ 7200 ಬಾರಿ ಕೈ ಮುಷ್ಟಿಯಾಗಿ ಸಡಿಲಬೇಕು.

ಆ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಪೋಲಿಯೊ ತಮಗೂ ತಗುಲಬಹುದೆಂಬುದು ಅವರಿಗೆ ಗೊತ್ತಿತ್ತು. ಲಸಿಕೆ ಇನ್ನೂ ಬಂದಿರಲಿಲ್ಲ. ಮಾತಾಡಲಾಗದ ರೋಗಿಯ ಕಣ್ಣುಗಳನ್ನು ನೋಡುತ್ತ, ಉಸಿರು ಸಾಕೋ ಸಾಲದೋ ಎಂಬುದನ್ನು ಅವರು ತಿಳಿಯಬೇಕಿತ್ತು. ಕೆಲವರ ಕೈಯಲ್ಲಿಯೇ ಕೆಲವರು ಕೊನೆಯುಸಿರೆಳೆದರು. ಅಂಥ ಪಾಳಿಯ ಅನಂತರ ಮತ್ತೊಂದು ಪಾಳಿಗೆ ಬಂದು ಕುಳಿತುಕೊಳ್ಳುವುದು ಸಾಮಾನ್ಯ ಧೈರ್ಯವಲ್ಲ.

ಇವರ ನಡುವೆ ದಾದಿಯರ ಕೆಲಸವನ್ನು ಮರೆಯಬಾರದು. ಹೊರಗಿನಿಂದ ನೂರಾರು ಮಂದಿ ದಾದಿಯರನ್ನು ಕರೆಸಲಾಗಿತ್ತು. ಕೊಳವೆಯ ಕಫವನ್ನು ಹೀರಿ ತೆಗೆಯುವುದು, ಅಲುಗಾಡಲಾರದ ಮೈಯನ್ನು ಹೊತ್ತು ಹೊತ್ತಿಗೆ ಹೊರಳಿಸಿ ಹಾಸಿಗೆಹುಣ್ಣು ಆಗದಂತೆ ನೋಡುವುದು, ನಳಿಕೆಯಿಂದ ಆಹಾರ ಕೊಡುವುದು, ನಾಡಿ, ಒತ್ತಡ, ಜ್ವರಗಳನ್ನು ಬರೆದಿಡುವುದು ಅವರ ಪಾಲಿನದು. ವಿದ್ಯಾರ್ಥಿ ಒತ್ತಿದ ಗಾಳಿ ಶ್ವಾಸಕೋಶವನ್ನು ತಲುಪಬೇಕಾದರೆ ದಾರಿ ತೆರೆದಿರಬೇಕು, ತೆರೆದಿಡುತ್ತಿದ್ದವರು ಅವರು. ಫಲವೂ ಕಂಡಿತು. ನೂರಕ್ಕೆ 87ರಷ್ಟಿದ್ದ ಸಾವು ಪಿಡುಗಿನ ಕೊನೆಯ ಹೊತ್ತಿಗೆ ಇಪ್ಪತ್ತೈದರ ಆಸುಪಾಸಿಗೆ ಇಳಿಯಿತು.

ಆಸ್ಪತ್ರೆಯ ಪ್ರಯೋಗಶಾಲೆಯ ಮುಖ್ಯಸ್ಥರು ಪೌಲ್ ಆಸ್ಟ್ರುಪ್. ಇಬ್ಸೆನ್ನರ ವಾದ ನಿಜವೇ ಎಂದು ತಿಳಿಯಲು ರಕ್ತದ ಪಿಎಚ್ ಅಳೆದಾಗ ತಕ್ಕಡಿಯ ಮುಳ್ಳು ಆಮ್ಲದ ಕಡೆಗೇ ವಾಲಿತ್ತು. ಕ್ಷಾರಾಧಿಕ್ಯದ ಮಾತು ಅಲ್ಲಿಗೆ ಮುಗಿಯಿತು. ಹಾಸಿಗೆಗಳಿಂದ ಬರುವ ನೂರಾರು ರಕ್ತಮಾದರಿಗಳಿಗೆ ಬೇಗ ಉತ್ತರ ಕೊಡಬೇಕಾದ ಒತ್ತಡದಲ್ಲಿ ಆಸ್ಟ್ರುಪ್, ಪಿಎಚ್ ಅಳತೆಯಿಂದಲೇ ಇಂಗಾಲದ ಡೈಆಕ್ಸೈಡಿನ ಒತ್ತಡವನ್ನು ಲೆಕ್ಕ ಹಾಕುವ ವಿಧಾನವನ್ನು ರೂಪಿಸಿದರು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಎ.ಬಿ.ಜಿ. ಎಂದು ಕರೆಯುವ ಪರೀಕ್ಷೆಯ ಹಿರಿಯರಲ್ಲಿ ಇದೂ ಒಂದು. ವಿಚಿತ್ರವೆಂದರೆ, ಪಿಎಚ್ ಎಂಬ ಅಳತೆಯನ್ನು 1909ರಲ್ಲಿ ಜಗತ್ತಿಗೆ ಕೊಟ್ಟ ಸೋರೆನ್ಸೆನ್ ಕೋಪನ್‌ಹೇಗನ್ನಿನವರೇ. ಆಮ್ಲ ಮತ್ತು ಬೈಕಾರ್ಬೊನೇಟಿನ ಸಂಬಂಧದ ಸಮೀಕರಣದಲ್ಲಿ ಹೆಸರು ಉಳಿಸಿಕೊಂಡ ಹಸೆಲ್‌ಬಾಲ್ಕ್ ಕೂಡ ಡೆನ್ಮಾರ್ಕಿನವರೇ. ಮನೆಯ ಹಿತ್ತಲಲ್ಲಿದ್ದ ಮದ್ದು ನೆನಪಾಗಲು ಒಂದು ಪಿಡುಗೇ ಬರಬೇಕಾಯಿತು.

1953ರಲ್ಲಿ ಇಬ್ಸೆನ್ ಕೋಪನ್‌ಹೇಗನ್ನಿನ ಇನ್ನೊಂದು ಆಸ್ಪತ್ರೆಯಲ್ಲಿ, ಬೇರೆ ಬೇರೆ ಕಾಯಿಲೆಗಳಿಂದ ಉಸಿರು ಅಥವಾ ರಕ್ತಪರಿಚಲನೆ ಕುಂದಿದವರನ್ನೆಲ್ಲ ಒಂದೆಡೆ ಇಟ್ಟು ಕ್ಷಣಕ್ಷಣವೂ ನೋಡಿಕೊಳ್ಳುವ ವಿಭಾಗವನ್ನು ಆರಂಭಿಸಿದರು. ಇಂದಿನ ಐ.ಸಿ.ಯು. ಎಂಬ ತೀವ್ರ ನಿಗಾ ಘಟಕದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಇಲ್ಲಿಂದಲೇ ಆರಂಭಿಸುತ್ತಾರೆ. ಕೈಗಳ ಕೆಲಸವನ್ನು ಯಂತ್ರಗಳು ವಹಿಸಿಕೊಂಡವು. ನೆರೆಯ ಸ್ವೀಡನ್ನಿನ ಎಂಗ್‌ಸ್ಟ್ರೋಮ್ ರೂಪಿಸಿದ ವೆಂಟಿಲೇಟರ್ ಅವುಗಳಲ್ಲಿ ಪ್ರಸಿದ್ಧ. ಒತ್ತಿ ಬಿಟ್ಟರೆ ತಾನಾಗಿ ಉಬ್ಬುವ ಚೀಲವನ್ನು ಹೆನಿಂಗ್ ರೂಬೆನ್ ಮತ್ತು ಹೋಲ್ಗರ್ ಹೆಸ್ಸೆ ಡೆನ್ಮಾರ್ಕಿನಲ್ಲಿಯೇ ಸಿದ್ಧಪಡಿಸಿದರು. 1956ರಲ್ಲಿ ಅದು ಬಳಕೆಗೆ ಬಂತು. ಅದೇ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಆಂಬುಲೆನ್ಸ್‌ಗಳಲ್ಲೂ ಕಾಣುವ 'ಅಂಬು ಬ್ಯಾಗ್'. ಇಬ್ಸೆನ್ 2007ರಲ್ಲಿ ತೀರಿಕೊಂಡರು.

ಪೋಲಿಯೊವನ್ನು ಮಾತ್ರ ಯಂತ್ರಗಳು ಗೆಲ್ಲಲಿಲ್ಲ, ಲಸಿಕೆ ಗೆದ್ದಿತು. 1955ರಲ್ಲಿ ಸಾಲ್ಕ್ ಲಸಿಕೆ ಬಂತು, ಅನಂತರ ಸೇಬಿನ್ನರ ಹನಿಗಳು ಬಂದವು. ನಮ್ಮಲ್ಲಿ 1995ರಿಂದ ನಡೆದ ಪಲ್ಸ್ ಪೋಲಿಯೊ ಭಾನುವಾರಗಳಲ್ಲಿ ಶಾಲೆಗಳೇ ಲಸಿಕೆಯ ಕೇಂದ್ರಗಳಾದದ್ದನ್ನು ನೀವೂ ಬಲ್ಲಿರಿ. ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತ ತಾಯಂದಿರನ್ನೂ, ಕಿರುಬೆರಳಿಗೆ ಶಾಯಿ ಹಚ್ಚುತ್ತಿದ್ದ ಕಾರ್ಯಕರ್ತೆಯರನ್ನೂ ಕಂಡಿದ್ದೀರಿ. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಾಡು ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣ ಕಂಡಿತು. 2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಿತವಾಯಿತು.

ಆದರೆ ಬ್ಲೆಗ್ಡಾಮಿನ ಪಾಠ ಪೋಲಿಯೊದೊಡನೆ ಮುಗಿಯಲಿಲ್ಲ. 2020ರಿಂದೀಚೆಗೆ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಮನೆಮನೆಗೆ ಬಂದಿದೆ. ಅದು ತೋರಿಸುವುದು ಹಿಮೋಗ್ಲೋಬಿನ್ ಹೊತ್ತ ಆಮ್ಲಜನಕವನ್ನು ಮಾತ್ರ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯವರಲ್ಲಿ, ನಿದ್ರೆ ಬರಿಸುವ ಮದ್ದು ಹೆಚ್ಚಾದವರಲ್ಲಿ, ನರ ಸ್ನಾಯುಗಳು ಸೋತವರಲ್ಲಿ, ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದಾಗ ಅದು 98 ಎಂದೇ ತೋರಿಸುತ್ತಿರಬಹುದು; ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತಿರಬಹುದು. ಅದನ್ನು ಮೊದಲು ಕಾಣಬಲ್ಲವರು ಹಾಸಿಗೆಯ ಪಕ್ಕದಲ್ಲಿ ನಿಂತ ದಾದಿ. ಮಂಪರು, ಬೆಚ್ಚಗೆ ಬೆವರಿದ ಕೈ, ಜಿಗಿಯುವ ನಾಡಿ, ಬೆಳಗಿನ ತಲೆನೋವು, ನಿಮಿಷದ ಉಸಿರಿನ ಎಣಿಕೆ: ಇವನ್ನು ಯಂತ್ರಕ್ಕಿಂತ ಮೊದಲು ಕಣ್ಣು ಓದಬಲ್ಲದು, ಕೈ ಓದಬಲ್ಲದು.

ಆದ್ದರಿಂದ ಶುಶ್ರೂಷೆಯನ್ನು ಓದುತ್ತಿರುವ ನಮ್ಮ ಮಕ್ಕಳಿಗೆ ನನ್ನದೊಂದು ಸಣ್ಣ ಮಾತು. ಪರೀಕ್ಷೆಗಾಗಿ ಬೈಕಾರ್ಬೊನೇಟಿನ ಸಮೀಕರಣವನ್ನು ಬಾಯಿಪಾಠ ಮಾಡುವಾಗ, ಅದರ ಒಂದು ಸಂಖ್ಯೆಯನ್ನು ತಲೆಕೆಳಗಾಗಿ ಓದಿದ್ದರಿಂದ ಹೋದ ಪ್ರಾಣಗಳನ್ನೂ, ಸರಿಯಾಗಿ ಓದಿದ್ದರಿಂದ ಉಳಿದ ಪ್ರಾಣಗಳನ್ನೂ ನೆನೆಯಿರಿ. ರಾತ್ರಿಪಾಳಿಯಲ್ಲಿ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ರೋಗಿಯ ಎದೆ ಏರುವುದನ್ನಷ್ಟೇ ನೋಡಿ ಮುಂದೆ ಸಾಗಬೇಡಿ. ಅದು ಪೂರ್ತಿ ಇಳಿಯುವವರೆಗೆ ನಿಲ್ಲಿರಿ. ನಿಮಗೆಲ್ಲರಿಗೂ ಶುಭವಾಗಲಿ.